ಹದಿನಾಲ್ಕು ಕೋರಿನ ಪೂರ್ವರಂಗ

ಮಂಗಳೂರಿನ ಮಳೆಗಾಲದಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಬರುತ್ತದಲ್ಲ, ಕಿರಿಕಿರಿ ಅದರದ್ದು. ಸೀಲಿಂಗ್ ಫ್ಯಾನಿಗೆ ಗೊತ್ತೇ ಆಗುವುದಿಲ್ಲ. ಮೇಜಿನ ಕೆಳಗೆ ಹಳೆಯ ಸರ್ವರಿನ ಜಿಯಾನ್ (ಇಂಟೆಲಿನ ಸರ್ವರ್ ಪ್ರೊಸೆಸರ್) ಹಾಕಿದ ಪಿಸಿ ಇಟ್ಟುಕೊಂಡವರಿಗೆ ಮಾತ್ರ ಆಟ ಮೊದಲಿನಿಂದ.

ಆಟವೆಂದರೆ ಯಕ್ಷಗಾನ ಬಯಲಾಟವೇ, ಪ್ರಸಂಗಕ್ಕೆ ಮೊದಲಿನ ಪೂರ್ವರಂಗ ಸಮೇತ. ಬಟನ್ ಒತ್ತಿದರೆ ಫ್ಯಾನುಗಳ ಅಬ್ಬರ ಚೆಂಡೆಯಂತೆ ಏರಿ ಇಳಿಯುತ್ತದೆ. ಪರದೆ ಕಪ್ಪು. ಬೋರ್ಡಿನ ಮೂಲೆಯ ಎರಡಂಕಿಯ ದೀಪದಲ್ಲಿ ಒಂದೊಂದೇ ಸಂಖ್ಯೆ ಕುಣಿದು ಹೋಗುತ್ತದೆ: ಕೋಡಂಗಿ ಆಯಿತು, ಬಾಲಗೋಪಾಲ ಆಯಿತು, ಸ್ತ್ರೀವೇಷವೂ ಬಂತು, ರಾಜ ಇನ್ನೂ ಚೌಕಿಯಲ್ಲೇ, ಬಣ್ಣ ಹಚ್ಚುವಲ್ಲೇ. ಒಳಗೆ ನಡೆಯುತ್ತಿರುವುದು ನಾಲ್ಕು ಚಾನೆಲಿನ ರ‍್ಯಾಮನ್ನು ಹದಕ್ಕೆ ತರುವ ಕೆಲಸ. ಹೊಸಬರು ಕೆಟ್ಟೇ ಹೋಯಿತೆಂದು ಬಟನ್ ಅದುಮಿ ಆರಿಸುತ್ತಾರೆ. ಮತ್ತೆ ಕೋಡಂಗಿ!

"14 ಕೋರ್, 28 ಥ್ರೆಡ್ ಮಾರಾಯ್ರೆ" ಎನ್ನುವಾಗ ಬಾಯಿ ತುಂಬುತ್ತದೆ, ನಿಜ. 2016ರ ಜಿಯಾನ್ ಇ5-2680 ವಿ4ಗೆ 3ಡಿ ಚಿತ್ರ ಮಾಡುವ ತಂತ್ರಾಂಶ ಬ್ಲೆಂಡರಿನ ರೆಂಡರ್ ಕೊಟ್ಟರೆ ಎಲ್ಲ ಕೋರಿಗೂ ಕೆಲಸ ಉಂಟು. ಗೇಮಿನಲ್ಲಿ ದುಡಿಯುವವು ಕೆಲವೇ, ಅವೂ 3.3 ಗಿಗಾಹರ್ಟ್ಸ್ ದಾಟುವುದಿಲ್ಲ. ಉಳಿದವು ಬ್ರಹ್ಮಕಲಶದ ಊಟಕ್ಕೆ ಬಂದವರ ಹಾಗೆ ಕುರ್ಚಿ ಹಿಡಿದು ಕೂತಿರುತ್ತವೆ.

ಚಿಪ್ಪಿನೊಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕದೆ ಮಾನಿಟರಿನ ಕೇಬಲಿಗೆ ಬೈದು ಫಲವಿಲ್ಲ. ಸರ್ವರಿಗೆಂದೇ ಮಾಡಿದ ರಿಜಿಸ್ಟರ್ಡ್ ಇಸಿಸಿ ರ‍್ಯಾಮ್ ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡಿಗೆ ಆಗದು. 32 ಜಿಬಿಯ ಒಂದೇ ಸ್ಟಿಕ್ ಚುಚ್ಚುವುದೆಂದರೆ ನಾಲ್ಕು ಚಾನೆಲಿನ ನಾಲ್ಕು ಬಾಗಿಲಲ್ಲಿ ಮೂರಕ್ಕೆ ಚಿಲಕ ಹಾಕಿದಂತೆ. 8ರ ನಾಲ್ಕು ಹಾಕಿ. ಕೂಲರ್ ಕೊಳ್ಳುವ ಮೊದಲು ಸ್ಕ್ರೂ ತೂತುಗಳನ್ನು ಅಳೆಯಿರಿ: ಚೌಕದ್ದು 80ಕ್ಕೆ 80 ಮಿಲಿಮೀಟರ್, ಸರ್ವರ್ ಬೋರ್ಡಿನ ಕಿರಿದಾದದ್ದು 56ಕ್ಕೆ 94. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ, ಎಷ್ಟು ಒತ್ತಿದರೂ.

ಇಷ್ಟು ಬೈದ ಮೇಲೆ ಪಾಪ ಅಂತಲೂ ಅನಿಸುತ್ತದೆ. ಎಸಿ ಕೋಣೆಯಲ್ಲಿ ಆರದೆ ವರ್ಷಗಟ್ಟಲೆ ಓಡಿದ ಜೀವ. ಏಳಲು ಎಷ್ಟು ಹೊತ್ತು ಬೇಕು ಎಂದು ಅಲ್ಲಿ ಯಾರು ಕೇಳಿದ್ದರು, ಏಳುವ ಪ್ರಸಂಗವೇ ಅಪರೂಪವಾಗಿರುವಾಗ? ಈಗ ಆಟಿ ತಿಂಗಳ ಮಳೆಯಲ್ಲಿ ದಿನಕ್ಕೆ ಐದು ಸಲ ಎಬ್ಬಿಸುತ್ತಾರೆ.

ಯುಪಿಎಸ್ ಇಡಿ. ಆದರೆ ಸಣ್ಣ 600 ವಿಎಯದ್ದು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್; ಜಿಯಾನ್ ಒಂದಕ್ಕೇ 120 ಬೇಕು, ಮೇಲೆ ಗ್ರಾಫಿಕ್ಸ್ ಕಾರ್ಡ್. ಬೋರ್ಡಿನ ಸೆಟ್ಟಿಂಗುಗಳಿರುವ ಬಯಾಸಿಗೆ ಹೋಗಿ, ಕರೆಂಟು ಬಂದೊಡನೆ ತಾನೇ ಏಳುವ ಆಯ್ಕೆಯನ್ನೂ ಆಫ್ ಮಾಡಿ. ಇಲ್ಲವಾದರೆ ಮಧ್ಯರಾತ್ರಿ ಯಾರೂ ಇಲ್ಲದ ಕೋಣೆಯಲ್ಲಿ ತನ್ನಷ್ಟಕ್ಕೆ ಎದ್ದು, ಬಾಲಗೋಪಾಲನವರೆಗೆ ಕುಣಿದು, ಕರೆಂಟಿನೊಟ್ಟಿಗೇ ಮಲಗುತ್ತದೆ.