ಇಂಜೆಕ್ಟರ್ ಹೋದರೆ ಡ್ರೈವರ್ ಸಂಬಳ ಹಿಡಿಯಬೇಡಿ

ಪಿಕಪ್ ಗಾಡಿಯ ಇಂಜೆಕ್ಟರ್, ಅಂದರೆ ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ, ಹೋಯಿತೆಂದು ಡ್ರೈವರ್ ಸಂಬಳದಲ್ಲಿ ಹಣ ಮುರಿದುಕೊಳ್ಳುವುದು ಅನ್ಯಾಯ. ದಾವಣಗೆರೆಯ ಎಪಿಎಂಸಿ ಗೇಟಿನ ಮುಂದೆ ನಿಂತು ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ನಾನೂ ಪಿಕಪ್ ಇಟ್ಟುಕೊಂಡು ಬಾಡಿಗೆಗೆ ಬಿಡುವ ಮಾಲೀಕನೇ. ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಗಾಡಿಗಳಿಗೆ ಬಿಡುವಿಲ್ಲ. ಚಳ್ಳಕೆರೆ ಕಡೆಯ ಈರುಳ್ಳಿ ಬೆಳಗಾಗುವುದರೊಳಗೆ ಯಶವಂತಪುರ ಮುಟ್ಟಬೇಕು. ನಡುದಾರಿಯಲ್ಲಿ ಎಂಜಿನ್ ಆಫ್ ಆದರೆ ಲೋಡನ್ನು ಬೇರೆ ಗಾಡಿಗೆ ಬದಲಿಸಬೇಕು, ಗಾಡಿಯನ್ನು ಎಳೆಸಿಕೊಂಡು ಬರಬೇಕು, ಅಂದಿನ ಮಾರುಕಟ್ಟೆಯೂ ತಪ್ಪುತ್ತದೆ. ಮಾಲೀಕನಿಗೆ ಹೊಟ್ಟೆ ಉರಿಯುವುದು ಸಹಜ. ಆದರೆ "ಎಲ್ಲೋ ಅಗ್ಗದ ಡೀಸೆಲ್ ಹಾಕಿಸಿ ಮಿಕ್ಕ ದುಡ್ಡು ಜೇಬಿಗಿಳಿಸಿದ್ದೀಯ" ಎಂಬ ಮಾತು ಮೊದಲು ಬಂದು, ಗ್ಯಾರೇಜಿನ ಪರೀಕ್ಷೆ ಆಮೇಲೆ ನಡೆಯುತ್ತದೆ. ಎಷ್ಟೋ ಸಲ ಪರೀಕ್ಷೆ ನಡೆಯುವುದೇ ಇಲ್ಲ.

ಹಳೆಯ ಗಾಡಿಗಳ ಲೆಕ್ಕ ಬೇರೆ ಇತ್ತು. ಅವುಗಳ ಇಂಜೆಕ್ಟರಿನ ತುದಿಯ ನಾಝಲ್ ಸುಮಾರು 200 ಬಾರ್ (ಒತ್ತಡದ ಅಳತೆ) ಒತ್ತಡಕ್ಕೆ ತೆರೆದುಕೊಳ್ಳುತ್ತಿತ್ತು. ಸ್ವಲ್ಪ ಕಸ, ಸ್ವಲ್ಪ ನೀರು ಬಂದರೂ ಹೊಗೆ ಉಗುಳುತ್ತ ಊರು ಮುಟ್ಟಿಸುತ್ತಿತ್ತು. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ, ಅಂದರೆ ‘ರೈಲ್’ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹೋಗುವ ಎಂಜಿನ್ನಿನಲ್ಲಿ, ಒತ್ತಡ 1,600 ಬಾರ್ ದಾಟುತ್ತದೆ, ಕೆಲವು ಎಂಜಿನ್ನುಗಳಲ್ಲಿ 2,000ಕ್ಕೆ ಹೋಗುತ್ತದೆ. ಇಂಜೆಕ್ಟರ್ ಒಳಗೆ ಚಲಿಸುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ). ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ ಎಂದರೆ ಆ ಸಂದು ಎಂಥದ್ದೆಂದು ತಿಳಿಯಬಹುದು. ಕಣ್ಣಿಗೆ ಕಾಣದ ದೂಳೂ ಅಲ್ಲಿ ಉಜ್ಜಿ ಗೀರು ಹಾಕುತ್ತದೆ. ಇನ್ನೊಂದು ಸಂಗತಿ ಬಹಳ ಮಾಲೀಕರಿಗೆ ಗೊತ್ತಿಲ್ಲ: ಈ ಎಂಜಿನ್ನುಗಳ ಹೈ ಪ್ರೆಶರ್ ಪಂಪಿಗೆ ಸಾಮಾನ್ಯವಾಗಿ ಡೀಸೆಲ್ಲೇ ಜಿಡ್ಡೆಣ್ಣೆ. ಡೀಸೆಲ್ ಜೊತೆ ನೀರು ಹೋದರೆ ಅಷ್ಟು ಹೊತ್ತು ಲೋಹ ಲೋಹಕ್ಕೆ ಉಜ್ಜುತ್ತದೆ, ತುಕ್ಕೂ ಹಿಡಿಯುತ್ತದೆ. ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸಿ ಏರ್ ಎಳೆಸಿದರೂ ಅದೇ ಗತಿ.

ಕಳೆದ ಮಳೆಗಾಲದಲ್ಲಿ ಪಿ.ಬಿ. ರಸ್ತೆ ಕಡೆಯ ಒಂದು ಗ್ಯಾರೇಜಿನಲ್ಲಿ ನಿಂತು ನೋಡಿದ್ದನ್ನು ಹೇಳಬೇಕು. ಗಾಡಿ ನನ್ನದಲ್ಲ, ಪರಿಚಯದವರದು. ಡ್ರೈವರ್ ಹುಡುಗ ಗೋಡೆಗೊರಗಿ ತಲೆ ತಗ್ಗಿಸಿ ನಿಂತಿದ್ದ. ಮೇಸ್ತ್ರಿ ಫಿಲ್ಟರ್ ಬಿಚ್ಚಿ ಅದರಲ್ಲಿದ್ದ ಡೀಸೆಲ್ಲನ್ನು ಖಾಲಿ ನೀರಿನ ಬಾಟಲಿಗೆ ಬಗ್ಗಿಸಿ ಬೆಂಚಿನ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಬಾಟಲಿಯ ತಳದಲ್ಲಿ ಎರಡು ಬೆರಳಿನಷ್ಟು ನೀರು ಬೇರೆಯಾಗಿ ನಿಂತಿತು, ಮೇಲೆ ಕಂದುಬಣ್ಣದ ಡೀಸೆಲ್. ಆಮೇಲೆ ಫಿಲ್ಟರ್ ಕೊಯ್ದು ಒಳಗಿನ ಮಡಿಕೆ ಕಾಗದವನ್ನು ಬಿಸಿಲಿಗೆ ಬಿಡಿಸಿ ಹಿಡಿದರು. ಕಪ್ಪು ಮಸಿಯ ನಡುವೆ ಲೋಹದ ಪುಡಿ ಮಿರಮಿರ ಮಿಂಚಿತು. "ಇದು ಒಂದು ದಿನದ ಡೀಸೆಲ್ ಮಾಡಿದ ಕೆಲಸ ಅಲ್ಲ ಸಾಹುಕಾರ್ರೆ, ಫಿಲ್ಟರ್ ಬದಲಿಸಿ ಎಷ್ಟು ಕಾಲ ಆಯ್ತು?" ಎಂದು ಮೇಸ್ತ್ರಿ ಕೇಳಿದರು. ಮಾಲೀಕರು ಉತ್ತರ ಕೊಡಲಿಲ್ಲ. ಆ ಹುಡುಗ ಎರಡು ಸಲ ಫಿಲ್ಟರ್ ಹಣ ಕೇಳಿದ್ದನಂತೆ, "ಮುಂದಿನ ಟ್ರಿಪ್ಪಿಗೆ ನೋಡೋಣ" ಎಂದಿದ್ದರಂತೆ.

ಕೆಟ್ಟಿದ್ದು ಯಾವ ಇಂಜೆಕ್ಟರ್ ಎಂದು ಕಂಡುಹಿಡಿಯುವುದೂ ಕಷ್ಟವಲ್ಲ. ನಾಲ್ಕು ಇಂಜೆಕ್ಟರಿದ್ದರೆ, ಮಿಕ್ಕ ಡೀಸೆಲ್ಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ನಾಲ್ಕರ ರಿಟರ್ನ್ ಪೈಪಿಗೂ ಒಂದೊಂದು ಸಣ್ಣ ಬಾಟಲಿ ಕಟ್ಟಿ ಎಂಜಿನ್ ಚಾಲು ಇಟ್ಟರೆ, ಸವೆದದ್ದರ ಬಾಟಲಿ ಬೇಗ ತುಂಬುತ್ತದೆ. ಇಷ್ಟು ಮಾಡದೆ ನಾಲ್ಕನ್ನೂ ಬದಲಿಸಿ ಬಿಲ್ ಬರೆಯುವ ಗ್ಯಾರೇಜುಗಳಿವೆ. ಆ ಬಿಲ್ಲಿನ ಭಾರವೂ ಕೊನೆಗೆ ಬೀಳುವುದು ಡ್ರೈವರ್ ಮೇಲೆಯೇ.

ದೋಷ ವಿನ್ಯಾಸದಲ್ಲೇ ಇರುವ ಸಾಧ್ಯತೆಯೂ ಇದೆ. ಅಮೆರಿಕದಲ್ಲಿ ಫೋರ್ಡ್, ಜಿಎಂ, ರ‍್ಯಾಮ್ ಕಂಪನಿಗಳ ದೊಡ್ಡ ಡೀಸೆಲ್ ಪಿಕಪ್‌ಗಳಿಗೆ ಬಾಷ್ ಕಂಪನಿಯ ಸಿಪಿ4 ಎಂಬ ಪಂಪ್ ಹಾಕಿದ್ದರು. ಪಂಪಿನೊಳಗೆ ತಿರುಗುವ ಕ್ಯಾಮ್ ಎಂಬ ಭಾಗದ ಮೇಲೆ ಉರುಳಬೇಕಾದ ಅದರ ರೋಲರ್ ಅಡ್ಡ ತಿರುಗಿದರೆ ಕ್ಯಾಮನ್ನೇ ಕೆರೆಯುತ್ತದೆ. ಆ ಲೋಹದ ಚೂರು ಪಂಪಿನಿಂದ ರೈಲಿಗೆ, ರೈಲಿನಿಂದ ಇಂಜೆಕ್ಟರುಗಳಿಗೆ, ರಿಟರ್ನ್ ಪೈಪಿನಲ್ಲಿ ಮತ್ತೆ ಟ್ಯಾಂಕಿಗೆ ಹರಡಿ ಇಡೀ ವ್ಯವಸ್ಥೆ ಹಾಳಾಗುತ್ತದೆ. ಡೀಸೆಲ್ ಎಷ್ಟು ಜಿಡ್ಡಾಗಿದೆ ಎಂದು ಅಳೆಯುವ ಸವೆತದ ಪರೀಕ್ಷೆಯಲ್ಲಿ ಯುರೋಪು 460 ಮೈಕ್ರಾನ್‌ವರೆಗಿನ ಸವೆತದ ಗುರುತನ್ನು ಒಪ್ಪುತ್ತದೆ, ಅಮೆರಿಕ 520ರವರೆಗೆ; ಗುರುತು ದೊಡ್ಡದಾದಷ್ಟೂ ಡೀಸೆಲ್ಲಿನ ಜಿಡ್ಡು ಕಡಿಮೆ. ಅಲ್ಲಿನ ಒಣ ಡೀಸೆಲ್ಲಿಗೆ ಆ ಪಂಪ್ ತಕ್ಕುದಲ್ಲ ಎಂಬುದೇ ನ್ಯಾಯಾಲಯಕ್ಕೆ ಹೋದವರ ವಾದ. "ನಿಮ್ಮ ಡೀಸೆಲ್ ಕಲುಷಿತವಾಗಿದೆ" ಎಂದು ವಾರಂಟಿ ನಿರಾಕರಿಸಿದರೆಂಬ ದೂರು ಅಲ್ಲಿಯೂ ಇತ್ತು. 2021ರಲ್ಲಿ ರ‍್ಯಾಮ್‌ನ ಎರಡು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಪಂಪ್ ಬದಲಿಸಲು ವಾಪಸ್ ಕರೆಸಲಾಯಿತು. ಜಿಎಂ 5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅಷ್ಟೂ ವರ್ಷ ಗಾಡಿ ಓಡಿಸಿದವರೇ ಆರೋಪ ಹೊತ್ತಿದ್ದರು. ಅಲ್ಲಿ ಜನ ಒಟ್ಟಾಗಿ ದಾವೆ ಹೂಡಿದರು. ತಿಂಗಳ ಸಂಬಳ ನಂಬಿಕೊಂಡ ನಮ್ಮ ಹುಡುಗ ಯಾರ ಮೇಲೆ ದಾವೆ ಹೂಡಬೇಕು?

ಕಾನೂನು ಅವನ ಕೈಬಿಟ್ಟಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೇ ಇದರ ಪ್ರಸ್ತಾಪವಿತ್ತು, 2025ರಲ್ಲಿ ಅದರ ಜಾಗಕ್ಕೆ ಬಂದ ವೇತನ ಸಂಹಿತೆಯಲ್ಲೂ ಇದೆ: ನೌಕರನ ನಿರ್ಲಕ್ಷ್ಯದಿಂದಲೇ ನೇರವಾಗಿ ಆದ ನಷ್ಟಕ್ಕೆ ಮಾತ್ರ ಕಡಿತ ಮಾಡಬಹುದು, ಅದಕ್ಕೂ ಮೊದಲು ಅವನ ಸಮಜಾಯಿಷಿ ಕೇಳಬೇಕು. ನಮ್ಮಲ್ಲಿ ಕೇಳಿದವರು ಯಾರು?

ಡ್ರೈವರ್ ತಪ್ಪು ಮಾಡುವುದೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಬ್ಯಾರೆಲ್ಲಿನಲ್ಲಿ ಮಾರುವ ಡೀಸೆಲ್ ಹಾಕಿಸುವವರಿದ್ದಾರೆ, ಮೀಟರಿನಲ್ಲಿ ನೀರಿನ ಗುರುತಿನ ದೀಪ ಹತ್ತಿದರೂ ಓಡಿಸುವವರಿದ್ದಾರೆ. ಆದರೆ ಆ ದೀಪದ ಅರ್ಥವನ್ನು ಅವನಿಗೆ ಹೇಳಿಕೊಟ್ಟವರಿದ್ದಾರೆಯೇ? ಫಿಲ್ಟರ್ ಅಡಿಯ ತಿರುಪು ಸಡಿಲಿಸಿ ನೀರು ಬಸಿಯುವುದು ಐದು ನಿಮಿಷದ ಕೆಲಸ. ಗಾಡಿ ನಿಲ್ಲಿಸಿದರೆ "ಲೋಡ್ ತಡ ಆಯ್ತು" ಎಂದು ಫೋನಿನಲ್ಲಿ ಬೈಯುವವರು ನಾವೇ ತಾನೆ?

ಹಾಗಾಗಿ ಮಾಲೀಕ ಬಂಧುಗಳಲ್ಲಿ ನನ್ನ ಒತ್ತಾಯ ಇಷ್ಟೆ. ಫಿಲ್ಟರ್ ಹಣವನ್ನು ಡೀಸೆಲ್ ಹಣದ ಜೊತೆಗೇ ಕೊಡಿ, ಕಂಪನಿಯ ಫಿಲ್ಟರನ್ನೇ ಹಾಕಿಸಿ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ಖಾಲಿ ಇಟ್ಟು ರಾತ್ರಿ ನಿಲ್ಲಿಸಿದರೆ ಒಳಗೆ ತೇವ ಹನಿಗಟ್ಟುತ್ತದೆ, ಸಂಜೆಯೇ ತುಂಬಿಸಲು ಹೇಳಿ. ಬಂಕಿನಲ್ಲಿ ಸಾಂದ್ರತೆ ಪರೀಕ್ಷಿಸಿ ತೋರಿಸಿ ಎಂದು ಕೇಳುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ. ಡ್ರೈವರ್ ಕೇಳಿದಾಗ ದಬಾಯಿಸಿದರೆ ನೀವೇ ಹೋಗಿ ಕೇಳಿ. ಪ್ರತಿ ಸಲವೂ ಬಿಲ್ ತೆಗೆದಿಡಲಿ. ಗಾಡಿ ಕೆಟ್ಟ ದಿನ ಫಿಲ್ಟರಿನ ಡೀಸೆಲ್ಲನ್ನು ಬಾಟಲಿಯಲ್ಲಿ ಹಿಡಿದು, ಡ್ರೈವರ್ ಎದುರಿಗೇ ನೋಡಿ, ಬಿಲ್ ಜೊತೆ ಎತ್ತಿಡಿ. ಸಂಬಳದ ಮಾತು ಅದಾದ ಮೇಲೆ ಬರಲಿ.