ಗಂಗಾ ಸ್ನಾನ, ತುಂಗಾ ಪಾನ, ಮೀನಿಗೆ ಸಂಪು

ಅಡಿಕೆಗೆ ರೇಟು ಬಂದ ವರ್ಷ ನಮ್ಮ ಕಡೆ ಏನೇನೋ ಆಗುತ್ತದೆ. ಕೆಲವರು ಜೀಪು ಬದಲಾಯಿಸುತ್ತಾರೆ. ಕೆಲವರು ಇದ್ದ ಕಾಂಪೌಂಡ್ ಒಡೆದು ಇನ್ನೂ ಎತ್ತರದ ಕಾಂಪೌಂಡ್ ಕಟ್ಟಿಸುತ್ತಾರೆ. ನಮ್ಮ ಎದುರು ಮನೆಯ ಯಜಮಾನರು ಮೀನು ಸಾಕಲು ಹೊರಟರು. ತೋಟ ತೀರ್ಥಹಳ್ಳಿ ಕಡೆ, ಮನೆ ಶಿವಮೊಗ್ಗದಲ್ಲಿ, ಮನಸ್ಸು ಪೂರ್ತಿ ಅರೋವಾನಾ ಮೀನಿನ ಮೇಲೆ.

"ಎಷ್ಟು ದೊಡ್ಡ ತೊಟ್ಟಿ ಮಾರಾಯ್ರೆ?" ಅಂತ ಕೇಳಿದೆ.

"ಹತ್ತಡಿ ಉದ್ದ, ನಾಲ್ಕಡಿ ಅಗಲ, ಮೂರಡಿ ಎತ್ತರ. ಕೆಳಗೆ ಸಂಪು."

ಸಂಪು ಅಂದರೆ ನನಗೆ ಗೊತ್ತಿರುವುದು ಒಂದೇ. ಗೇಟಿನ ಪಕ್ಕ ನೆಲದೊಳಗೆ ಇರುತ್ತದೆ, ಮುಚ್ಚಳ ಎತ್ತಿದರೆ ಒಂದು ಜಿರಲೆ ಮುಖ ತೋರಿಸಿ ಒಳಗೆ ಹೋಗುತ್ತದೆ. ಇದು ಅದಲ್ಲವಂತೆ. ಮೀನಿನ ತೊಟ್ಟಿಯ ಅಡಿಗೆ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ನೀರು ಪೈಪಿನಲ್ಲಿ ಅದಕ್ಕೆ ಇಳಿದು, ಅಲ್ಲಿ ಸೋಸಿಕೊಂಡು, ಪಂಪಿನಲ್ಲಿ ಮತ್ತೆ ಮೇಲಕ್ಕೆ ಹೋಗುತ್ತದೆ. ನಮ್ಮ ಸಂಪಿಗೆ ನೀರು ಬರುವುದೇ ಅಪರೂಪ. ಇವರದಕ್ಕೆ ಬಂದ ನೀರು ವಾಪಸ್ಸು ಬೇರೆ ಹೋಗುತ್ತದೆ.

ಪ್ಲಾನ್ ಹಾಕಲು ಒಬ್ಬ ಹುಡುಗ ಬಂದ. ಕೈಯಲ್ಲಿ ಚೌಕಳಿ ಪುಸ್ತಕ, ಕಿವಿಯಲ್ಲಿ ಪೆನ್ಸಿಲ್. ಅವನ ಮೊದಲ ಪ್ರಶ್ನೆಯೇ ನನಗೆ ಹಿಡಿಸಿಬಿಟ್ಟಿತು. "ಸಾರ್, ಮೀನು ಎಷ್ಟು ಬಿಡ್ತೀರಿ? ದಿನಕ್ಕೆ ಎಷ್ಟು ತಿನ್ನಿಸ್ತೀರಿ? ತಿಂದಿದ್ದು ಹೊರಗೆ ಬರ್ಲೇಬೇಕಲ್ಲ. ಫಿಲ್ಟರ್ ಲೆಕ್ಕ ಶುರುವಾಗೋದೇ ಕಕ್ಕದಿಂದ."

ಈ ಊರಿನಲ್ಲಿ ಎಷ್ಟು ಬಡಾವಣೆ ಎದ್ದಿದ್ದನ್ನು ನೋಡಿದ್ದೇನೋ ನೆನಪಿಲ್ಲ. ಕಮಾನು ಎಲ್ಲಿ ಬರುತ್ತದೆ ಅಂತ ಕೇಳಿದವರಿದ್ದಾರೆ. ಸೈಟಿಗೆ ಪೂರ್ವದ ಬಾಗಿಲು ಸಿಗುತ್ತದಾ ಅಂತ ಕೇಳಿದವರಿದ್ದಾರೆ. ಇಷ್ಟು ಜನ ಇಲ್ಲಿಗೆ ಬಂದರೆ ಕಕ್ಕ ಎಷ್ಟು, ಅದು ಹೋಗುವುದು ಎಲ್ಲಿಗೆ ಅಂತ ಕೇಳಿದವರನ್ನು ನಾನು ಕಂಡಿರಲಿಲ್ಲ. ಕೊನೆಗೂ ಒಬ್ಬ ಕೇಳಿದ, ಅದೂ ಮೀನಿನ ಪರವಾಗಿ.

ಲೆಕ್ಕ ಶುರುವಾಯಿತು. ತೊಟ್ಟಿಯಲ್ಲಿ ಸುಮಾರು 3,400 ಲೀಟರ್. ನೀರಿನ ತೂಕವೇ 3.4 ಟನ್, ಗಾಜು ಕಲ್ಲು ಬೇರೆ. ಹಾಗಾಗಿ ಮಹಡಿ ಮೇಲೆ ಬೇಡ, ನೆಲಕ್ಕೇ ಕಾಂಕ್ರೀಟ್ ಹಾಕಿ ಅಂದ. ಅಷ್ಟೂ ನೀರು ಗಂಟೆಗೆ ನಾಲ್ಕೈದು ಸಲ ಫಿಲ್ಟರಿನಲ್ಲಿ ಸುತ್ತಬೇಕು. ಐದು ಸಲ ಅಂದರೆ ಗಂಟೆಗೆ 17,000 ಲೀಟರ್. ನಾನೂ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಕೊಡಬೇಕು ಅಂತ ಸರ್ಕಾರಿ ಕಾಗದದಲ್ಲಿದೆ. ಅರೋವಾನಾದ ಒಂದು ಗಂಟೆ, ನೂರಿಪ್ಪತ್ತೈದು ಜನರ ಒಂದು ದಿನ.

"ಹಾಗಾದ್ರೆ 17,000 ಲೀಟರಿನ ಪಂಪು ತಂದ್ರಾಯ್ತಲ್ಲ?" ಅಂದರು ಯಜಮಾನರು.

"ಇಲ್ಲ ಸಾರ್. ಡಬ್ಬದ ಮೇಲೆ ಬರೆಯೋದು ನೀರು ಒಂದಡಿನೂ ಮೇಲಕ್ಕೆ ಹತ್ತದೇ ಇದ್ದಾಗಿನ ಲೆಕ್ಕ. ಆರಡಿ ಹತ್ತಿಸಿ, ನಾಲ್ಕು ಬೆಂಡು ತಿರುಗಿಸಿದ್ರೆ ಎಷ್ಟೋ ಕಮ್ಮಿ ಆಗುತ್ತೆ."

ಇದು ನನಗೆ ತಕ್ಷಣ ಅರ್ಥವಾಯಿತು. ಚುನಾವಣೆಯ ಪ್ರಣಾಳಿಕೆಯೂ ಹೀಗೇ, ಡಬ್ಬದ ಮೇಲಿನ ಲೆಕ್ಕ. ಕೊನೆಗೆ ಎರಡು ಪಂಪು ಅಂತ ತೀರ್ಮಾನವಾಯಿತು. ಒಂದು ಕೆಟ್ಟರೂ ಇನ್ನೊಂದು ಓಡಬೇಕು. ಇಳಿಯುವ ಪೈಪೂ ಎರಡು, ಒಂದು ಕಟ್ಟಿಕೊಂಡರೆ ಇನ್ನೊಂದಿರಲಿ ಅಂತ. ನಮ್ಮ ಬೀದಿಗೆ ನೀರು ಬಿಡುವ ವಾಲ್ವ್ ಒಂದೇ. ಅದನ್ನು ತಿರುಗಿಸುವ ಮನುಷ್ಯನೂ ಒಬ್ಬನೇ. ಅವನ ಮಗಳ ಮದುವೆ ಆದ ವಾರ ನಾವೆಲ್ಲ ಸ್ನಾನ ಬಿಟ್ಟಿದ್ದೆವು.

ಹುಡುಗ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಕರೆಂಟಿನ ಬಗ್ಗೆ. ಪಂಪು ನಿಂತ ತಕ್ಷಣ ಪೈಪಿನಲ್ಲಿರುವ ನೀರು, ಮೇಲಿನ ತೊಟ್ಟಿಯ ಒಂದಿಷ್ಟು ನೀರು, ಎಲ್ಲ ಸಂಪಿಗೆ ಇಳಿಯುತ್ತದೆ. ಅದಕ್ಕೆ ಜಾಗ ಇಡದಿದ್ದರೆ ಹಾಲ್ ತುಂಬಾ ಕೆರೆ. ಪುನರ್ವಸು ಮಳೆ ಹೊಯ್ಯುತ್ತಿದ್ದ ಒಂದು ಸಂಜೆ ಪರೀಕ್ಷೆ ಮಾಡಿದ. ನಾನೂ ಮಂಡಿಯೂರಿ ಕೂತು ನೋಡಿದೆ. ಸ್ವಿಚ್ ಆಫ್ ಮಾಡಿದ. ಸಂಪಿನ ನೀರು ಗಾಜಿನ ಮೇಲೆ ನಿಧಾನಕ್ಕೆ ಏರಿತು. ಮಾರ್ಕರ್ ಪೆನ್ನಿನಲ್ಲಿ ಎಳೆದಿದ್ದ ಕೆಂಪು ಗೀಟಿನ ಹತ್ತಿರ ಬಂತು, ಇನ್ನೂ ಅರ್ಧ ಇಂಚು ಏರಿತು, ನಿಂತಿತು. ಅಂಚಿಗೆ ಇನ್ನೂ ಮೂರು ಬೆರಳು ಬಾಕಿ. ಹುಡುಗ ಆ ಗೀಟನ್ನು ಉಗುರಿನಿಂದ ಕೆರೆದು, ಅರ್ಧ ಇಂಚು ಮೇಲೆ ಹೊಸ ಗೀಟು ಎಳೆದ.

ಅದೇ ಮಳೆಯಲ್ಲಿ ಛತ್ರಿ ಹಿಡಿದು ಮನೆಗೆ ಬಂದರೆ ಚರಂಡಿ ನನ್ನ ಗೇಟಿನ ಮೆಟ್ಟಿಲು ಹತ್ತಿ ಕೂತಿತ್ತು. ಅದಕ್ಕೆ ಯಾರೂ ಗೀಟು ಎಳೆದಿರಲಿಲ್ಲ.

ಎಲ್ಲ ಜೋಡಿಸಿ ನೀರು ತುಂಬಿದ ಮೇಲೆ ಮೀನು ಬಿಡುತ್ತಾರೆ ಅಂದುಕೊಂಡೆವು. ಬಿಡಲಿಲ್ಲ. ಮೊದಲು ಬ್ಯಾಕ್ಟೀರಿಯಾ ಬೆಳೆಯಬೇಕಂತೆ. ಮೀನಿನ ಹೊಲಸಿನಿಂದ ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದನ್ನು ಮೀನು ತಡೆದುಕೊಳ್ಳುತ್ತದೆ. ಈ ಜೀವಿಗಳು ಸಂಪಿನಲ್ಲಿರುವ ಸೆರಾಮಿಕ್ ಉಂಗುರಗಳ ಮೇಲೆ ಸಂಸಾರ ಹೂಡಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ದಿನಾ ಚೂರು ಅಮೋನಿಯಾ ಹಾಕಿ ಖಾಲಿ ತೊಟ್ಟಿ ಓಡಿಸುವುದು. ಅವುಗಳಿಗೆ ಗಾಳಿ ತಪ್ಪಬಾರದು ಅಂತ ಯಜಮಾನರು ಇನ್ವರ್ಟರ್ ತಂದರು. ಬ್ಯಾಕ್ಟೀರಿಯಾಕ್ಕೆ ಇನ್ವರ್ಟರ್ ಇರುವ ಮನೆ ನಮ್ಮ ವಾರ್ಡಿನಲ್ಲಿ ಅದೊಂದೇ ಇರಬೇಕು.

ನೆಂಟರು ನೋಡಲು ಬಂದರು. ಕೊಪ್ಪದಿಂದ ಬಂದಿದ್ದ ಅವರ ಸೋದರತ್ತೆ ಗಾಜಿಗೆ ಮೂಗು ಒತ್ತಿ, "ಎಂಥದೂ ಇಲ್ವಲ್ಲೋ ಇದ್ರಲ್ಲಿ" ಅಂದರು.

"ಬ್ಯಾಕ್ಟೀರಿಯಾ ಇದೆ ಅತ್ತೆ."

"ಅಯ್ಯ, ಅದು ನಮ್ಮನೆ ನಲ್ಲೀಲೂ ಬರುತ್ತೆ."

ಆರು ವಾರ ಕಾದಿದ್ದು ನೋಡಿ ನನಗೆ ನಿಜವಾಗಿ ಗೌರವ ಬಂತು. ಊರಿನ ಪದ್ಧತಿಯಲ್ಲಿ ಮೊದಲು ಮೀನು ಬಿಡುವುದು, ಫಿಲ್ಟರಿನ ವಿಷಯ ಆಮೇಲೆ. ಸೈಟು ಮಾರಿ, ಮನೆ ಕಟ್ಟಿ, ಗೃಹಪ್ರವೇಶದ ಊಟ ಹಾಕಿ, ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಬರುತ್ತದೆ. ಅದೂ ಬರುವುದು ಟಾರು ಹಾಕಿ ಹದಿನೈದು ದಿನಕ್ಕೆ. ಅಲ್ಲಿಯವರೆಗೆ ಬೀದಿಯ ಚರಂಡಿ ದೊಡ್ಡ ಚರಂಡಿಗೆ, ದೊಡ್ಡ ಚರಂಡಿ ತುಂಗೆಗೆ. ತುಂಗೆ ಏನು ಮಾಡುತ್ತಾಳೆ ಪಾಪ, ಕೂಡ್ಲಿಯಲ್ಲಿ ಭದ್ರೆಗೆ ಒಪ್ಪಿಸಿ ಹೊನ್ನಾಳಿ, ಹರಿಹರದವರ ಕಡೆ ಕಳಿಸುತ್ತಾಳೆ. ಗಂಗಾ ಸ್ನಾನ ತುಂಗಾ ಪಾನ ಅಂದ ಹಿರಿಯರು ಶೃಂಗೇರಿಯ ಆಸುಪಾಸಿನಲ್ಲಿ ನಿಂತು ಹೇಳಿರಬೇಕು.

ನನ್ನಜ್ಜನ ಮನೆಗೆ ಗುಡ್ಡದ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬರುತ್ತಿತ್ತು. ಮೀನು ಬೇಕಾದರೆ ಮೊದಲ ಮಳೆಗೆ ಹತ್ತುಮೀನು ಹೊಳೆಯಿಂದ ಗದ್ದೆಗೆ ತಾನೇ ಏರಿ ಬರುತ್ತಿತ್ತು, ಅಜ್ಜ ಮೀನು ಹಿಡಿಯುವ ಕೂಣಿ ಇಟ್ಟು ಕಾಯುತ್ತಿದ್ದರು. ಪಂಪೂ ಇಲ್ಲ, ಬೆಂಡೂ ಇಲ್ಲ. ಇರಲಿ, ವಯಸ್ಸಾದವರ ಮಾತು.

ತೊಟ್ಟಿಗೆ ನೀರು ಎಲ್ಲಿಂದ ಅನ್ನುವ ಪ್ರಶ್ನೆ ಬಂದಾಗ ಹುಡುಗ ನಮ್ಮ ನಲ್ಲಿಗೂ ಬಂದ. ನಲ್ಲಿಯ ಬಾಯಿಗೆ ನನ್ನ ಹಳೇ ಪಂಚೆಯ ತುಂಡು ಕಟ್ಟಿದೆ. ಮಳೆಗಾಲದಲ್ಲಿ ನಾಲ್ಕು ದಿನಕ್ಕೆ ಅದು ಕಾವಿ ಬಣ್ಣಕ್ಕೆ ತಿರುಗಿ ಸನ್ಯಾಸ ತೆಗೆದುಕೊಳ್ಳುತ್ತದೆ. ಬಿಚ್ಚಿದರೆ ಒಳಗೆ ಬೆರಳಿಗೆ ಅಂಟುವ ನಯವಾದ ಕೆಸರು. ಸಂಬಂಧಪಟ್ಟವರಿಗೆ ಫೋನ್ ಮಾಡಿದ್ದೆ. "ಮೇಲೆ ಮಳೆ ಸಾರ್, ಕುದಿಸಿ ಕುಡೀರಿ" ಅಂದಿದ್ದರು.

ಹುಡುಗ ಒಂದು ಲೋಟ ಹಿಡಿದು ಮೂಸಿದ. "ಇದು ಮೀನಿಗೆ ಆಗಲ್ಲ ಸಾರ್. ಬ್ಲೀಚಿಂಗ್ ವಾಸನೆ ಇದೆ. ಕಿವಿರು ಸುಟ್ಟುಹೋಗುತ್ತೆ, ಬ್ಯಾಕ್ಟೀರಿಯಾನೂ ಸಾಯುತ್ತೆ. ಅದನ್ನ ತೆಗೆಯೋಕೆ ಹೈಪೋ ಹಾಕ್ಬೇಕು. ಕೆಸರನ್ನ ಮೊದಲೇ ಸೋಸ್ಬೇಕು."

"ನಾವು ಕುಡೀತಿದ್ದೀವಲ್ಲಪ್ಪ?"

"ನಿಮಗೆ ಕಿವಿರಿಲ್ವಲ್ಲ ಸಾರ್."

ಈಗ ಮೀನು ಬಂದಿದೆ. ವಾರಕ್ಕೊಮ್ಮೆ ಕಾಲು ಭಾಗ ನೀರು, ಅಂದರೆ 850 ಲೀಟರ್, ತೆಗೆದು ಹೊಸದು ತುಂಬಬೇಕು. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟಬಾರದು, ದಾಟಿದರೆ ಅರೋವಾನಾಕ್ಕೆ ಬೇಜಾರಾಗುತ್ತದೆ. ಮನುಷ್ಯರ ಕುಡಿಯುವ ನೀರಿಗೆ ಐಎಸ್ 10500 ಅಂತ ಒಂದು ಮಾನದಂಡವಿದೆ. ಅದರಲ್ಲಿ ನೈಟ್ರೇಟ್ ಮಿತಿ 45. ಅಂದರೆ ಆ ಒಂದು ವಿಷಯದಲ್ಲಿ ಮೀನು ಬೇಡ ಅಂದ ನೀರು ನಮಗೆ ಪಾಸು. ಹಾಗಂತ ಕುಡಿಯಬೇಡಿ ಮತ್ತೆ, ರೋಗಾಣು ಲೆಕ್ಕ ಬೇರೆ. ಅದೇ ಮಾನದಂಡ ನೀರಿನ ಕದಡಿಗೆ 1 ಎನ್‌ಟಿಯು (ಕದಡಿನ ಅಳತೆ) ಅನ್ನುತ್ತದೆ, ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ ಇರಲಿ ಅನ್ನುತ್ತದೆ.

ನಮಗೆ ಈಗ ಬೇರೆ ಮೂಲ ಇದೆ. ಗಿಡಕ್ಕೆ ಒಳ್ಳೇದು ಅಂತ ಹುಡುಗ ಹೇಳಿದ್ದನ್ನು ಕೇಳಿಸಿಕೊಂಡ ನನ್ನ ಹೆಂಡತಿ, ಮೊದಲ ಭಾನುವಾರ ಕರಿಬೇವಿನ ಗಿಡಕ್ಕೆಂದು ಮೀನಿನ ತೊಟ್ಟಿಯಿಂದ ತೆಗೆದ ನೀರು ಎರಡು ಬಕೆಟ್ ಇಸಿದುಕೊಂಡು ಬಂದಳು. ಪಕ್ಕದಲ್ಲಿ ನಲ್ಲಿ ನೀರಿನ ಬಕೆಟ್ ಇತ್ತು. ಎರಡನ್ನೂ ನೋಡಿದಳು. ಮೀನಿನ ಬಕೆಟ್ಟಿನಲ್ಲಿ ತಳದ ಕಂಪನಿ ಹೆಸರು ಓದಲು ಬರುತ್ತಿತ್ತು.

"ಕರಿಬೇವಿಗೆ ನಲ್ಲೀದು ಹಾಕಿ. ಇದ್ರಲ್ಲಿ ಬಿಳೀ ಬಟ್ಟೆ ನೆನೆಸ್ತೀನಿ" ಅಂದಳು.

ಸುದ್ದಿ ಬೀದಿ ತುಂಬಾ ಹಬ್ಬಿದೆ. ನಾಳೆ ಭಾನುವಾರ. ಯಜಮಾನರ ಗೇಟಿನ ಮುಂದೆ ಸಂಜೆಯೇ ಕೊಡ ಇಟ್ಟು ಬಂದಿದ್ದೇನೆ. ನನ್ನದು ಒಂಬತ್ತನೇ ನಂಬರು.