ಮನೆ ನೋಡುವುದಾದರೆ ಮೇ ತಿಂಗಳ ಮಧ್ಯಾಹ್ನ ನೋಡಿ

ಮೊನ್ನೆ ರಾತ್ರಿ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. "ಅಕ್ಕ, ಬದ್ಲಾಪುರದಲ್ಲಿ ಒಂದು ಟೂ ಬಿಎಚ್‌ಕೆ ನೋಡಿದ್ದೇನೆ. ಇನ್ನೂ ಕಟ್ಟುತ್ತಿದ್ದಾರೆ. ಅಕ್ಷಯ ತೃತೀಯದ ದಿನ ಬುಕ್ ಮಾಡಿದರೆ ಸ್ಟ್ಯಾಂಪ್ ಡ್ಯೂಟಿ ಬಿಲ್ಡರೇ ಕಟ್ಟುತ್ತಾರಂತೆ, ಒಂದು ಚಿನ್ನದ ನಾಣ್ಯವೂ ಇದೆಯಂತೆ. ಮರುದಿನ ಈ ರೇಟ್ ಇಲ್ಲವಂತೆ. ಏನು ಮಾಡಲಿ?" ನಾನು ಕೇಳಿದ್ದು ಒಂದೇ. "ನೀನು ಅಲ್ಲಿಗೆ ಹೋಗಿದ್ದು ಎಷ್ಟು ಗಂಟೆಗೆ?" "ಭಾನುವಾರ ಸಂಜೆ. ಅವರೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು" ಅಂದ.

ಅವನಿಗೆ ಫೋನಿನಲ್ಲಿ ಅರ್ಧ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯುಗಾದಿಯಿಂದ ಮೇ ಕೊನೆಯವರೆಗೆ ಮುಂಬಯಿಯ ನಮ್ಮವರ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತದೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ಜೂನ್ ಮಧ್ಯದಲ್ಲಿ ಶಾಲೆ ಶುರು. ಮಳೆ ಬರುವ ಮೊದಲು ಟೆಂಪೋದಲ್ಲಿ ಸಾಮಾನು ಸಾಗಿಸಬೇಕು. ಹಾಗಾಗಿ ಬೇಸಿಗೆಯಲ್ಲಿ ಮನೆ ಹುಡುಕುವುದು ಸರಿಯೇ. ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ಆದರೆ ಅದಕ್ಕೆ ಕಾರಣ ಆಫರ್ ಅಲ್ಲ, ಬಿಸಿಲು.

ನಾವು ಡೊಂಬಿವಲಿಯಲ್ಲಿ ಮನೆ ಹುಡುಕಿದ್ದೂ ಮೇ ತಿಂಗಳಲ್ಲೇ. ಒಂಬತ್ತು ವರ್ಷ ಬಾಡಿಗೆ ಮನೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುತ್ತಾ ಬಂದಾಗಲೆಲ್ಲ ಎದೆ ಢವಢವ. ಆ ವರ್ಷ ಮತ್ಸ್ಯಗಂಧ ರೈಲಿನ ಟಿಕೆಟ್ ಕ್ಯಾನ್ಸಲ್ ಮಾಡಿ ಊರಿಗೆ ಹೋಗುವುದನ್ನೇ ಬಿಟ್ಟೆವು. "ಮಕ್ಕಳು ಹಲಸಿನಹಣ್ಣು ತಿನ್ನಲಿಕ್ಕೂ ಬರುದಿಲ್ವಾ?" ಎಂದು ಅಮ್ಮ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಒಂದು ಮನೆ ತುಂಬಾ ಹಿಡಿಸಿತ್ತು. ಹಳೆ ಬಿಲ್ಡಿಂಗ್, ನಾಲ್ಕನೇ ಮಹಡಿ, ಅದೇ ಕೊನೆಯ ಮಹಡಿ. ಗೋಡೆಗೆಲ್ಲ ಹೊಸ ಪೇಂಟ್. ಇವರು ಆಗಲೇ ಮುಂಗಡದ ಟೋಕನ್ ಎಷ್ಟು ಕೊಡುವುದು ಎಂದು ಮಾತಾಡುತ್ತಿದ್ದರು. ನನಗೆ ಬಾಯಾರಿಕೆ ಆಗಿತ್ತು. ಎದುರು ಮನೆಯ ಮರಾಠಿ ಆಜಿ ಒಳಗೆ ಕರೆದು ಕೋಕಂ ಶರಬತ್ತು ಕೊಟ್ಟರು. ಆಮೇಲೆ ತಾವಾಗಿಯೇ ಹೇಳಿದರು: ನಲ್ಲಿ ನೀರು ಬೆಳಗ್ಗೆ ಐದರಿಂದ ಮುಕ್ಕಾಲು ಗಂಟೆ ಮಾತ್ರ, ಹೋಳಿ ಕಳೆದ ಮೇಲೆ ಅದೂ ಸರಿಯಾಗಿ ಮೇಲೆ ಏರುವುದಿಲ್ಲ. ನನ್ನ ಕೈ ಹಿಡಿದು ತಮ್ಮ ಮಲಗುವ ಕೋಣೆಗೆ ಕರೆದುಕೊಂಡು ಹೋಗಿ ಮೇಲೆ ತೋರಿಸಿದರು. ಚಾವಣಿಯ ತುಂಬ ಕಂದು ಕಲೆ. "ಜುಲೈನಲ್ಲಿ ಇಲ್ಲಿ ಬಕೆಟ್ ಇಡುತ್ತೇನೆ. ಆ ಮನೆಯಲ್ಲೂ ಅಷ್ಟೇ. ನಿಮಗೆ ಸಣ್ಣ ಮಕ್ಕಳಿದ್ದಾರಲ್ಲ, ಅದಕ್ಕೇ ಹೇಳಿದೆ." ಆ ಆಜಿಯ ಋಣ ದೊಡ್ಡದು.

ಬೇಸಿಗೆ ಮನೆಯ ಎರಡು ಗುಟ್ಟು ಬಿಚ್ಚಿಡುತ್ತದೆ. ಮೊದಲನೆಯದು ಸೆಕೆ. ಮಧ್ಯಾಹ್ನ ಮೂರಕ್ಕೆ ಹೋಗಿ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡಿ. ಫ್ಯಾನ್ ಹಾಕಿಸಿ ಹತ್ತು ನಿಮಿಷ ಸುಮ್ನೆ ಕುಳಿತುಕೊಳ್ಳಿ. ಎರಡನೆಯದು ನೀರು. ಮುಂಬಯಿಗೆ ನೀರು ಕೊಡುವ ಏಳು ಕೆರೆಗಳು ತಳ ಕಾಣುವುದು ಮೇ ಕೊನೆ, ಜೂನ್ ಮೊದಲಲ್ಲಿ. ಹೌಸಿಂಗ್ ಸೊಸೈಟಿಗೆ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ ಎಂದು ವಾಚ್‌ಮನ್ ಹತ್ತಿರ ಕೇಳಿ, ಅವರಿಗೆ ಗೊತ್ತಿರುತ್ತದೆ. ಮೇ ತಿಂಗಳ ಮೇಂಟೆನೆನ್ಸ್ ಬಿಲ್ ತೋರಿಸಿ ಎನ್ನಿ. ಡಿಸೆಂಬರಿನ ಬಿಲ್ ಯಾವ ಕಥೆಯನ್ನೂ ಹೇಳುವುದಿಲ್ಲ.

ಬೇಸಿಗೆ ಮುಚ್ಚಿಡುವುದು ಮಳೆಯನ್ನು. ಸೋರಿದ ಗೋಡೆ ಏಪ್ರಿಲ್ ಹೊತ್ತಿಗೆ ಒಣಗಿರುತ್ತದೆ, ಮೇಲೊಂದು ಕೋಟ್ ಪೇಂಟ್ ಬಿದ್ದಿರುತ್ತದೆ. ಅದಕ್ಕೇ ಕಪಾಟಿನ ಹಿಂದೆ, ಕಿಟಕಿಯ ಕೆಳಗೆ, ಬಾತ್‌ರೂಮಿನ ಆಚೆ ಬದಿಯ ಗೋಡೆ ನೋಡಬೇಕು. ಟೆರೇಸಿಗೆ ಹತ್ತಲೇಬೇಕು. ಅಲ್ಲಿ ತಗಡಿನ ಶೆಡ್ ಇದ್ದರೆ ಯಾಕೆ ಹಾಕಿಸಿದಿರಿ ಎಂದು ಕೇಳಿ. ಕೆಳಗೆ ಬಂದು ಸ್ಟ್ಯಾಂಡಿನ ರಿಕ್ಷಾದವರನ್ನು ಕೇಳಿ, "ಜುಲೈನಲ್ಲಿ ಈ ಗಲ್ಲಿಗೆ ಬರ್ತೀರಾ?" ಅವರು ಇಲ್ಲ ಎಂದು ತಲೆ ಅಲ್ಲಾಡಿಸಿದರೆ, ಅಲ್ಲಿ ನೀರು ನಿಲ್ಲುತ್ತದೆ ಎಂದು ಅರ್ಥ ಮಾಡಿಕೊಳ್ಳಿ.

ತಮ್ಮನ ಬ್ರೋಶರಿನಲ್ಲಿ 'ನದಿ ಕಾಣುವ ಮನೆ' ಎಂದಿದೆಯಂತೆ. ಆ ನದಿ ಉಲ್ಹಾಸ್. 2019ರ ಜುಲೈನಲ್ಲಿ ಅದೇ ನದಿ ಉಕ್ಕಿ ಬದ್ಲಾಪುರ, ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ನಿಂತಿತ್ತು. ಸಾವಿರಕ್ಕೂ ಹೆಚ್ಚು ಜನರನ್ನು ದೋಣಿಗಳಲ್ಲಿ ಹೊರತಂದರು. ಮೇ ತಿಂಗಳಲ್ಲಿ ನೋಡಿದರೆ ಅದು ಬಡಪಾಯಿ ನದಿ. ಕಟ್ಟುತ್ತಿರುವ ಮನೆಯಲ್ಲಿ ಸೋರಿಕೆ ನೋಡಲು ಆಗುವುದಿಲ್ಲ, ನಿಜ. ಅದೇ ಬಿಲ್ಡರ್ ಐದಾರು ವರ್ಷ ಹಿಂದೆ ಕಟ್ಟಿದ ಸೊಸೈಟಿಗೆ ಹೋಗಿ ಅಲ್ಲಿಯ ಹೆಂಗಸರ ಹತ್ತಿರ ಮಾತಾಡು ಎಂದಿದ್ದೇನೆ. ಮನೆ ಕೈಗೆ ಕೊಟ್ಟ ಮೇಲೆ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು ಎಂದು, ಮನೆ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾನೂನು ಹೇಳುತ್ತದೆ. ಮಾಡಿಕೊಟ್ಟರಾ ಇಲ್ಲವಾ ಎಂಬುದು ಅಲ್ಲಿರುವವರಿಗೇ ಗೊತ್ತು.

ಆಫರಿನ ಮಾತು. ಸ್ಟ್ಯಾಂಪ್ ಡ್ಯೂಟಿ ಕಟ್ಟುವವರು ಅಷ್ಟು ಹಣವನ್ನು ಬೆಲೆಯಲ್ಲೇ ಇಳಿಸಲಿ, ಬರೆದು ಕೊಡಲಿ. ಕಟ್ಟುತ್ತಿರುವ ಮನೆಗೆ 5% ಜಿಎಸ್‌ಟಿ ಇದೆ, 45 ಲಕ್ಷದೊಳಗಿನ ಸಣ್ಣ ಮನೆಗೆ 1%. ಓಸಿ, ಅಂದರೆ ವಾಸಕ್ಕೆ ಸಿದ್ಧ ಎಂಬ ಪಾಲಿಕೆಯ ಪತ್ರ, ಬಂದ ಮನೆಗೆ ಅದು ಇಲ್ಲವೇ ಇಲ್ಲ. ಅಗ್ರಿಮೆಂಟ್ ನೋಂದಣಿ ಆಗುವ ಮೊದಲು ಬೆಲೆಯ 10%ಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಮತ್ತೊಂದು, ಮನೆ ಬರೀ ಹೆಂಡತಿಯ ಹೆಸರಿನಲ್ಲಿ ಆದರೆ ಮಹಾರಾಷ್ಟ್ರದಲ್ಲಿ ಸ್ಟ್ಯಾಂಪ್ ಡ್ಯೂಟಿ 1% ಕಡಿಮೆ. ಇದನ್ನು ಬಳಸಿಕೊಳ್ಳುವವರು ನಮ್ಮಲ್ಲಿ ಇನ್ನೂ ಜಾಸ್ತಿ ಆಗಬೇಕು ಎಂದು ನನ್ನ ಆಸೆ.

ರೇರಾ ಪ್ರಕಾರ ಮಹಾರಾಷ್ಟ್ರದಲ್ಲಿ ಕಟ್ಟಡಕ್ಕೆ ಕೊಡುವ ನೋಂದಣಿ ಸಂಖ್ಯೆ, ಮಹಾರೇರಾ ನಂಬರ್, ಇದೆ ಅಂದ ಕೂಡಲೇ ಸಮಾಧಾನ ಪಡಬೇಡಿ. ನಮ್ಮ ಕಲ್ಯಾಣ-ಡೊಂಬಿವಲಿಯಲ್ಲೇ 65 ಕಟ್ಟಡಗಳು ನಕಲಿ ಪರವಾನಗಿ ತೋರಿಸಿ ಆ ನಂಬರ್ ಪಡೆದಿದ್ದವು. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಅವನ್ನು ಕೆಡವಲು ಆದೇಶ ಕೊಟ್ಟಿತು. ಸಾಲ ಮಾಡಿ ಮನೆ ಕೊಂಡವರ ಹೊಟ್ಟೆಗೆ ಬೆಂಕಿ ಬಿದ್ದ ದಿನ ಅದು. ಪಾಲಿಕೆಯ ಕಚೇರಿಗೆ ಹೋಗಿ ಪರವಾನಗಿ ಅಸಲಿಯೇ ಎಂದು ನೋಡಿಸಿ. ಒಂದು ದಿನದ ರಜೆ ಹೋದರೆ ಹೋಗಲಿ.

ಬರುವ ಶನಿವಾರ ಮಧ್ಯಾಹ್ನ ತಮ್ಮ, ಅವನ ಹೆಂಡತಿ, ನಾನು ಬದ್ಲಾಪುರ ಲೋಕಲ್ ಹಿಡಿಯುತ್ತೇವೆ. ಅವರ ಕಾರು ಬೇಡ ಎಂದು ಹೇಳಿಯಾಗಿದೆ. ನದಿಯ ಕಡೆ ಇರುವ ನಮ್ಮವರು ಯಾರಾದರೂ ಇದ್ದರೆ, ಕಳೆದ ಜುಲೈನಲ್ಲಿ ನಿಮ್ಮ ರಸ್ತೆ ಹೇಗಿತ್ತು ಎಂದು ದಯವಿಟ್ಟು ತಿಳಿಸಿ.